ಸರ್ಗ್ಯಾಸಮ್ ಸಾರ: ಡೋಸ್ ಏರಿಸಿದರೆ ಎಂಟಿಟಿ ಪರೀಕ್ಷೆಯಲ್ಲಿ ಕೋಶಗಳು ‘ಹೆಚ್ಚು’ ಬದುಕುತ್ತಿವೆ, ಯಾಕೆ?

ಕಡಲಕಳೆ_ಕಾರವಾರ:
ಬಂಡೆಯಿಂದ ಕಿತ್ತ ಸರ್ಗ್ಯಾಸಮ್ಮನ್ನು (ಕಂದು ಕಡಲಕಳೆ) ಬಿಸಿಲಲ್ಲಿ ಒಣಗಿಸಿ, ಪುಡಿ ಮಾಡಿ, 80% ಮೆಥನಾಲಿನಲ್ಲಿ ಸಾರ ತೆಗೆದಿದೆ. ಎಂಸಿಎಫ್-7 (ಸ್ತನ ಕ್ಯಾನ್ಸರ್) ಕೋಶಗಳಿಗೆ 48 ಗಂಟೆ ಕೊಟ್ಟು, ಬದುಕಿದ ಕೋಶ ಎಂಟಿಟಿಯನ್ನು ಎಷ್ಟು ನೇರಳೆ ಮಾಡುತ್ತದೆಂದು ಅಳೆದಾಗ 100 ಮೈಕ್ರೊಗ್ರಾಂ/ಮಿ.ಲೀ. ತನಕ ಬದುಕಿದವು ಇಳಿಯುತ್ತವೆ, 500ಕ್ಕೆ, ಸಾರ ಹಾಕದ ಕಂಟ್ರೋಲಿನ 120% ದಾಟುತ್ತವೆ. ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಗುಂಡಗಾಗಿ, ಸತ್ತಂತೆ ತೇಲುತ್ತಿವೆ! ಯಾವುದನ್ನು ನಂಬಲಿ? ಇದರಿಂದಲೇ ಫ್ಯೂಕಾಯ್ಡನ್ (ಸಲ್ಫೇಟ್ ಇರುವ ಸಕ್ಕರೆ ಸರಪಳಿ) ಬೇರ್ಪಡಿಸುವ ಯೋಚನೆಯೂ ಇದೆ.

ಪ್ಲೇಟ್‌ರೀಡರ್:
ಮೈಕ್ರೊಸ್ಕೋಪನ್ನು ನಂಬಿ. ಕಂದು ಕಡಲಕಳೆಯ ಫ್ಲೋರೊಟ್ಯಾನಿನ್‌ಗಳು (ಅದರ ಟ್ಯಾನಿನ್ ಬಗೆಯ ಸಂಯುಕ್ತಗಳು) ಎಂಟಿಟಿಯನ್ನು ತಾವೇ ನೇರಳೆ ಬಣ್ಣದ ಫಾರ್ಮಜಾನ್ ಮಾಡಿಬಿಡುತ್ತವೆ, ಅದಕ್ಕೆ ಕೋಶವೇ ಬೇಕಿಲ್ಲ. ಪ್ಲೇಟಿನಲ್ಲಿ ಕೋಶ ಹಾಕದ ಗುಳಿಗಳಲ್ಲಿ ಮೀಡಿಯಂ (ಕೋಶ ಬೆಳೆಸುವ ದ್ರವ), ಸಾರ, ಎಂಟಿಟಿ ಮಾತ್ರ ಹಾಕಿ ನೋಡಿ. ಬಣ್ಣ ಬಂದರೆ, ಕೋಶದ ಪ್ರೋಟೀನಿಗೆ ಬಣ್ಣ ಹಿಡಿಸಿ ಅಳೆಯುವ ಎಸ್‌ಆರ್‌ಬಿಗೆ ಹೋಗಿ: 200 ಮೈಕ್ರೊಲೀಟರ್ ಮೀಡಿಯಂ ಮೇಲೆ ತಣ್ಣನೆಯ 50% ಟಿಸಿಎ (ಟ್ರೈಕ್ಲೋರೊಅಸಿಟಿಕ್ ಆಮ್ಲ) 50 ಮೈಕ್ರೊಲೀಟರ್ ನಿಧಾನಕ್ಕೆ ಬಿಡಿ, 4 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ತೊಳೆದು ಬಣ್ಣ ಹಾಕಿ.
ಟ್ಯಾನಿನ್ ಸಿಕ್ಕಸಿಕ್ಕ ಪ್ರೋಟೀನಿಗೆಲ್ಲ ಅಂಟುವ ಜಾತಿ. ಸಾರದ ಒಂದು ಭಾಗಕ್ಕೆ, ಟ್ಯಾನಿನ್ ಹಿಡಿಯುವ ಪಿವಿಪಿಪಿ ಪುಡಿ ಬೆರೆಸಿ 4 ಡಿಗ್ರಿಯಲ್ಲಿ 15 ನಿಮಿಷ ಇಟ್ಟು ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವವನ್ನು ಮತ್ತೆ ಪರೀಕ್ಷಿಸಿ. ಪರಿಣಾಮ ಮಾಯವಾದರೆ ಅದು ಟ್ಯಾನಿನ್ನಿನದ್ದೇ, ಹೊಸ ಅಣುವಿನ ಆಸೆ ಬಿಡಿ.

ಸಕ್ಕರೆ_ಸರಪಳಿ:
ಫ್ಯೂಕಾಯ್ಡನ್ ಆ ಸಾರದಲ್ಲಿ ಇಲ್ಲವೇ ಇಲ್ಲ. ಅದು 80% ಮೆಥನಾಲಿನಲ್ಲಿ ಕರಗದು, ನೀವು ಸೋಸಿ ಬಿಟ್ಟ ಚರಟದಲ್ಲಿದೆ. ಎಸೆದಿಲ್ಲ ತಾನೇ?
ಚರಟ ಒಣಗಿಸಿ, ಗ್ರಾಂಗೆ 20 ಮಿ.ಲೀ.ನಂತೆ 2% ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ 70 ಡಿಗ್ರಿಯಲ್ಲಿ 3 ಗಂಟೆ ಕಲಕಿ; ಎರಡು ಸಲ. ಆಲ್ಜಿನೇಟ್ (ಲೋಳೆಯಾಗುವ ಇನ್ನೊಂದು ಸಕ್ಕರೆ ಸರಪಳಿ) ಕ್ಯಾಲ್ಸಿಯಂ ಹಿಡಿದು ಚರಟದಲ್ಲೇ ಕೂರುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ಎಲ್ಲ ಲೋಳೆಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸೋಸಿದ ದ್ರವಕ್ಕೆ 30% ಆಗುವಷ್ಟು ಎಥನಾಲ್ ಹಾಕಿ, ಉಳಿದ ಆಲ್ಜಿನೇಟ್ ತೆಗೆಯಿರಿ. ಆಮೇಲೆ 70%ಗೆ ಏರಿಸಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ಬಿಡಿ. ಕೆಳಗೆ ಕೂತದ್ದನ್ನು 12–14 ಕಿಲೋಡಾಲ್ಟನ್ ಚೀಲದಲ್ಲಿ ಎರಡು ದಿನ ಡಯಾಲಿಸಿಸ್ ಮಾಡಿ, ಉಪ್ಪು ಮತ್ತು ಸಣ್ಣ ಅಣುಗಳು ಹೊರಹೋಗಲಿ. ಆಮ್ಲ ಹಾಕಿ ಕುದಿಸಿದರೆ ಇಳುವರಿ ಕಾಣಬಹುದು, ಆದರೆ ಸಲ್ಫೇಟ್ ಉದುರಿ ಸರಪಳಿ ತುಂಡಾಗುತ್ತದೆ.
ಫೀನಾಲ್-ಸಲ್ಫ್ಯೂರಿಕ್ ಪರೀಕ್ಷೆಗೆ ಸಕ್ಕರೆಗಳೆಲ್ಲ ಒಂದೇ, ಸಲ್ಫೇಟ್ ಇಲ್ಲದ ಲ್ಯಾಮಿನರಿನ್ ಸಹ. ಬೇರಿಯಂ ಕ್ಲೋರೈಡ್-ಜೆಲಟಿನ್‌ನಲ್ಲಿ ಸಲ್ಫೇಟ್ ಅಳೆಯದೆ ಫ್ಯೂಕಾಯ್ಡನ್ ಎನ್ನಬೇಡಿ.

ಕಡಲಕಳೆ_ಕಾರವಾರ:
ಚರಟ ಫ್ರಿಜ್ಜಿನಲ್ಲಿದೆ. ಕಡಲಕಳೆಗೆ ಕಂದು ಬಣ್ಣ ಕೊಡುವ ಫ್ಯೂಕೊಕ್ಸಾಂಥಿನ್‌ಗೆ ಇದೇ ಪುಡಿ ಸಾಕೇ?

ಪ್ಲೇಟ್‌ರೀಡರ್:
ಸಾಲದು. ಬಿಸಿಲು ಅದನ್ನು ಹಾಳು ಮಾಡುತ್ತದೆ. ಹಸಿಯದನ್ನು ಸಿಹಿನೀರಲ್ಲಿ ಬೇಗ ತೊಳೆದು, ಫ್ರೀಜ್-ಡ್ರೈ ಮಾಡಿ, ಕತ್ತಲಲ್ಲಿ ಅಸಿಟೋನಿನಿಂದ ತೆಗೆಯಿರಿ.
ಇನ್ನೊಂದು, ಬಹಳ ಜನ ಮರೆಯುವುದು: ಸರ್ಗ್ಯಾಸಮ್ ಆರ್ಸೆನಿಕ್ ಕೂಡಿಟ್ಟುಕೊಳ್ಳುವ ಕಡಲಕಳೆ. ಜಪಾನಿನಲ್ಲಿ ತಿನ್ನುವ ಹಿಜಿಕಿ ಇದೇ ಕುಲದ್ದು, ಅದರಲ್ಲಿ ಅಜೈವಿಕ ಆರ್ಸೆನಿಕ್ ಜಾಸ್ತಿ. ಆರ್ಸೆನಿಕ್ ಟ್ರೈಆಕ್ಸೈಡ್ ಅಂತೂ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಔಷಧಿಯೇ. ಆರ್ಸೆನಿಕ್ ಅಳೆಯುವ ಐಸಿಪಿ-ಎಂಎಸ್ ಪರೀಕ್ಷೆ ಮಾಡಿಸದಿದ್ದರೆ ಕೋಶ ಕೊಂದದ್ದು ಯಾರೆಂದು ಗೊತ್ತಾಗುವುದಿಲ್ಲ. ಜೊತೆಗೆ ಕ್ಯಾನ್ಸರ್ ಅಲ್ಲದ ಒಂದು ಕೋಶ ಸಾಲನ್ನೂ ಇಡಿ. ಸಾರ ಕರಗಿಸುವ ಡಿಎಂಎಸ್‌ಒ 0.5% ಮೀರದಿರಲಿ, ಕಂಟ್ರೋಲಿಗೂ ಅಷ್ಟೇ ಹಾಕಿ.