ಅಟ್ಟದ ಮೇಲಿನ ನಾಲ್ಕು ಚೀಲ

(ನಮ್ಮ ಮನೆಯವರ ಮೊಬೈಲ್ ಗುಂಪಿನಲ್ಲಿ ನಡೆದ ಮಾತುಕತೆ)

ಅಣ್ಣ (ಶಿರಸಿ ಮನೆ): ಚಿತ್ರ ನೋಡಿ. ಅಪ್ಪ ಕೂಡಿಟ್ಟ ಪತ್ರಿಕೆಗಳು, ನಾಲ್ಕು ಚೀಲ. ಕಸ್ತೂರಿ, ಸುಧಾ, ಚಂದಮಾಮ, ಅಡಿಕೆ ಪತ್ರಿಕೆ. ಕೆಲವಕ್ಕೆ ಗೆದ್ದಲು ಹತ್ತಿದೆ. ನಾಳೆ ರದ್ದಿಯವನು ಬರುತ್ತಾನೆ.

ಹುಬ್ಬಳ್ಳಿ ಅತ್ತೆ: ಕಸ್ತೂರಿಗೆ ಕೈ ಹಚ್ಚಬೇಡ.

ಅಣ್ಣ: ಇಡುವುದೆಲ್ಲಿ ಅತ್ತೆ? ಮಳೆಗಾಲದೊಳಗೆ ಹೆಂಚು ಬದಲಿಸಬೇಕು. ಒಂದು ಟ್ರಂಕಿನಷ್ಟು ಉಳಿಸಿಕೊಳ್ಳಬಹುದು.

ಅಕ್ಕನ ಮಗಳು (ಬೆಂಗಳೂರು): ಹಾಗಾದರೆ ಚಂದಮಾಮ ಇರಲಿ ಮಾವ. ವಿಕ್ರಮ ಖಡ್ಗ ಹಿಡಿದು, ಹೆಗಲ ಮೇಲೆ ಶವ ಹೊತ್ತು ನಡೆಯುವ ಚಿತ್ರವನ್ನು ಶಂಕರ್ ಬರೆದದ್ದು. ರಜೆಯಲ್ಲಿ ಅದನ್ನು ನೋಡಿ ನೋಡಿಯೇ ನಾನು ಚಿತ್ರ ಬಿಡಿಸಲು ಕಲಿತದ್ದು.

ಪುತ್ತೂರಿನ ಮಾವ: ಚಂದಮಾಮದ ಹಳೆಯ ಸಂಚಿಕೆಗಳು ಮೊಬೈಲಿನಲ್ಲೇ ಓದಲು ಸಿಗುತ್ತವೆ. ಉಳಿಸಬೇಕಾದದ್ದು ಅಡಿಕೆ ಪತ್ರಿಕೆ. 1988ರಲ್ಲಿ ನಮ್ಮ ಪುತ್ತೂರಿನಲ್ಲಿ ಹುಟ್ಟಿದ್ದು. ಕೃಷಿಕನ ಅನುಭವವನ್ನು ಕೃಷಿಕನೇ ಬರೆಯಬೇಕೆಂದು ಹಟ ಹಿಡಿದ ಪತ್ರಿಕೆ ಬೇರೆ ಯಾವುದಿತ್ತು? ಅದರ ಸಂಪಾದಕ ಶ್ರೀಪಡ್ರೆಯವರು ಮಳೆನೀರಿನ ಬಗ್ಗೆ ಬರೆದದ್ದನ್ನು ಓದಿಯೇ ನಾನು ಗುಡ್ಡದ ಮೇಲೆ ಇಂಗುಗುಂಡಿ ತೋಡಿಸಿದೆ. ಲೇಖನದ ಕೊನೆಗೆ ಕೃಷಿಕನ ಫೋನ್ ಸಂಖ್ಯೆ ಇರುತ್ತದೆ. ಸಂಶಯ ಬಂದರೆ ಅವನನ್ನೇ ಕೇಳಬಹುದು. ಓದಿದ್ದು ತೋಟದಲ್ಲಿ ಕಾಣಬೇಕು.

ಹುಬ್ಬಳ್ಳಿ ಅತ್ತೆ: ಭಾವ, ನಿಮಗೆ ತೋಟವಿತ್ತು. ನನಗೆ ಏನಿತ್ತು? ಏಳನೆಯ ತರಗತಿಗೆ ಶಾಲೆ ಬಿಡಿಸಿದರು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿಯೆಲ್ಲ ಲಾಟೀನಿನ ಸುತ್ತ ಹತ್ತು ಮಂದಿ ಮೆಟ್ಟುಕತ್ತಿಯ ಮುಂದೆ ಕೂರುತ್ತಿದ್ದರು. ನಿದ್ದೆ ಬಾರದಿರಲೆಂದು ನನ್ನ ಅಣ್ಣ, ಅಂದರೆ ನಿಮ್ಮ ಅಪ್ಪ, ನನ್ನ ಕೈಯಿಂದ ಕಸ್ತೂರಿ ಓದಿಸುತ್ತಿದ್ದ. ಕೊನೆಯಲ್ಲಿ ಬರುತ್ತಿದ್ದ ಪುಸ್ತಕ ವಿಭಾಗವನ್ನು ಎರಡು ಮೂರು ರಾತ್ರಿ ಓದಬೇಕಾಗುತ್ತಿತ್ತು. ಒಂದು ದೊಡ್ಡ ಗ್ರಂಥವನ್ನೇ ಸಂಕ್ಷೇಪಿಸಿ ಕೊಡುತ್ತಿದ್ದರು. ಕಂಡರಿಯದ ದೇಶಗಳೆಲ್ಲ ಆ ಜಗಲಿಗೆ ಬಂದವು.

ನಾನು: ಆ ಸಂಚಿಕೆಗಳನ್ನು ನಾನು ನೋಡಿದ್ದೇನೆ. ಪುಟದ ಅಂಚಿನಲ್ಲಿ ಅಡಿಕೆ ಸುಲಿಯುವಾಗ ಕೈಗೆ ಹತ್ತುವ ಚೊಗರಿನ ಕಂದು ಬೆರಳಚ್ಚು ಇದೆ. ಸುಲಿಯುವ ಸರದಿ ಮುಗಿಸಿ ಅದೇ ಕೈಯಲ್ಲಿ ಪುಟ ತಿರುವಿದ ಗುರುತು.

ಹುಬ್ಬಳ್ಳಿ ಅತ್ತೆ: ಅದು ನನ್ನದೇ ಬೆರಳು. ಕಸ್ತೂರಿಯ ಸಂಪಾದಕ ಪಾ.ವೆಂ. ಆಚಾರ್ಯರ ಪದಾರ್ಥ ಚಿಂತಾಮಣಿ ಅಂಕಣವನ್ನಂತೂ ಒಬ್ಬಳೇ ಕುಳಿತು ಓದುತ್ತಿದ್ದೆ. ದಿನಾ ಬಾಯಲ್ಲಿರುವ ಒಂದು ಮಾತು ಎಲ್ಲಿ ಹುಟ್ಟಿತು, ಯಾವ ಭಾಷೆಯಿಂದ ನಡೆದು ಬಂತು ಎಂದು ಬಿಡಿಸುತ್ತಿದ್ದರು. ನನ್ನ ಮಗಳು ಕನ್ನಡ ಎಂ.ಎ. ಮಾಡಿದ್ದಕ್ಕೆ ಬೇರು ಅಲ್ಲಿದೆ.

ಅಣ್ಣ: ಅತ್ತೆ, ಇದು ನನಗೆ ಗೊತ್ತಿರಲಿಲ್ಲ. ಆದರೂ ಜಾಗದ ಪ್ರಶ್ನೆ ಹಾಗೆಯೇ ಇದೆ.

ನಾನು: ನನ್ನ ಮಾತು ಕೇಳು. ನಮ್ಮ ಮನೆಯಲ್ಲಿ ಪತ್ರಿಕೆಯನ್ನು ಯಾರೂ ಹೊತ್ತು ಕಳೆಯಲು ಓದಲಿಲ್ಲ. ಅತ್ತೆಗೆ ಅದೇ ಶಾಲೆ, ಮಾವನಿಗೆ ಅದೇ ನೀರು. ಚೊಗರು ಹತ್ತಿದ ಕಸ್ತೂರಿ ಇನ್ನೊಂದು ಮನೆಯಲ್ಲಿ ಸಿಗುವುದಿಲ್ಲ, ಟ್ರಂಕು ಅದಕ್ಕಿರಲಿ. ಅಡಿಕೆ ಪತ್ರಿಕೆಯನ್ನು ಮಾವ ಒಯ್ಯಲಿ, ಚಂದಮಾಮ ಬೆಂಗಳೂರಿಗೆ ಹೋಗಲಿ. ಸುಧಾವನ್ನು ಊರಿನ ಗ್ರಂಥಾಲಯದಲ್ಲಿ ಕೇಳೋಣ. ಗೆದ್ದಲು ತಿಂದದ್ದನ್ನು ಮಾತ್ರ ತೆಗೆದುಹಾಕು.

ಪುತ್ತೂರಿನ ಮಾವ: ಒಪ್ಪಿದೆ. ಚೀಲವನ್ನು ಬಸ್ಸಿಗೆ ಹಾಕಬೇಡ, ನಾನೇ ಬರುತ್ತೇನೆ.

ಅಕ್ಕನ ಮಗಳು: ನಾನೂ ಭಾನುವಾರ ಬರುತ್ತೇನೆ. ಬೇವಿನ ಸೊಪ್ಪು ಒಣಗಿಸಿಡಿ ಮಾವ, ಟ್ರಂಕಿನ ತಳಕ್ಕೆ ಹಾಸೋಣ.

ಅಣ್ಣ: ರದ್ದಿಯವನಿಗೆ ಬೇಡವೆಂದು ಹೇಳಿದೆ. ಅತ್ತೆ, ಕಸ್ತೂರಿಯನ್ನು ವರ್ಷದ ಪ್ರಕಾರ ಜೋಡಿಸುತ್ತಿದ್ದೇನೆ. 1971ರಲ್ಲಿ ಒಂದು ಸಂಚಿಕೆ ಕಡಿಮೆ ಇದೆ.

ಹುಬ್ಬಳ್ಳಿ ಅತ್ತೆ: ಅದು ನನ್ನ ಹತ್ತಿರ ಇದೆ. ಮದುವೆಯಾಗಿ ಹೊರಡುವಾಗ ಸೀರೆಗಳ ನಡುವೆ ಇಟ್ಟುಕೊಂಡು ಬಂದಿದ್ದೆ. ಭಾನುವಾರ ತರುತ್ತೇನೆ.