ಮಗನಿಗೆ ಪಂಪಾಪತಿ ಅಂತ ಹೆಸರಿಡಬಹುದಾ? ಈಗ ಯಾರಾದರೂ ಇಡ್ತಿದ್ದಾರಾ?

ಹೊಸಪೇಟೆ ಹುಡುಗ:

ಎಲ್ಲರಿಗೂ ನಮಸ್ಕಾರ. ನಮಗೆ ಹೋದ ತಿಂಗಳು ಗಂಡುಮಗು ಆಯಿತು. ಮೂಲ ಹೊಸಪೇಟೆ ಕಡೆಯವರು, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು. ನಮ್ಮ ಅಜ್ಜನ ಹೆಸರು ಪಂಪಾಪತಿ. ಅವರು ತೀರಿಕೊಂಡು ಎಷ್ಟೋ ವರ್ಷ ಆದರೂ ಊರಲ್ಲಿ ಈಗಲೂ ನಮ್ಮನ್ನು "ಪಂಪಣ್ಣನ ಮನೆಯವರು" ಅಂತಲೇ ಗುರುತಿಸುತ್ತಾರೆ. ಆ ಹೆಸರು ಮುಂದುವರಿಸಬೇಕು ಅಂತ ನನಗೆ ತುಂಬಾ ಆಸೆ. ಹೆಂಡತಿಗೂ ಇಷ್ಟವೇ, ಆದರೆ ಅವಳದು ಮೈಸೂರು ಕಡೆ, ಅಲ್ಲಿ ಈ ಹೆಸರು ಕೇಳಿದವರೇ ಕಮ್ಮಿ. ಅವರ ಮನೆಯವರು "ಮುದುಕರ ಹೆಸರಾಯ್ತಲ್ಲ, ಸ್ಕೂಲಲ್ಲಿ ಹುಡುಗರು ರೇಗಿಸ್ತಾರೆ" ಅಂತಿದ್ದಾರೆ. ಒಬ್ಬರಂತೂ ಕೇರಳದ ಪಂಪಾ ನದಿಯ ಹೆಸರಾ, ಶಬರಿಮಲೆಗೆ ಹರಕೆ ಹೊತ್ತಿದ್ರಾ ಅಂತ ಕೇಳಿದರು.

ನಮ್ಮ ಊರಲ್ಲೂ ಈ ಹೆಸರಿನ ಸಣ್ಣ ಹುಡುಗರು ಕಾಣಿಸುತ್ತಿಲ್ಲ. ಎಲ್ಲರೂ ಐವತ್ತು ದಾಟಿದವರೇ. ಈ ಹೆಸರು ಇಟ್ಟುಕೊಂಡವರು ಇಲ್ಲಿ ಯಾರಾದರೂ ಇದ್ದರೆ ಹೇಳಿ, ಅದರ ಜೊತೆ ಬೆಳೆಯೋದು ಹೇಗಿರುತ್ತೆ?

ಸಿರುಗುಪ್ಪದವನು:

ಮೊದಲು ಶುಭಾಶಯ. ನಾನೇ ಪಂಪಾಪತಿ, ನನಗೂ ಅಜ್ಜನ ಹೆಸರೇ ಇಟ್ಟಿದ್ದು. ಹಾಗಾಗಿ ನೇರವಾಗಿ ಹೇಳ್ತೀನಿ.

ಊರಲ್ಲಿ ಇದ್ದಷ್ಟು ದಿನ ಈ ಹೆಸರು ಅಪರೂಪ ಅಂತ ನನಗೆ ಗೊತ್ತೇ ಇರಲಿಲ್ಲ. ಕ್ಲಾಸಿನಲ್ಲಿ ಇನ್ನೊಬ್ಬ ಪಂಪಾಪತಿ ಇದ್ದ, ಒಬ್ಬ ವಿರುಪಾಕ್ಷಿ, ಒಬ್ಬ ಹಂಪಯ್ಯ. ಬೆಂಗಳೂರಿಗೆ ಓದಲು ಬಂದ ಮೇಲೆ ಹಾಸ್ಟೆಲಿನಲ್ಲಿ "ಪಂಪ್‌ಸೆಟ್" ಅಂತ ಕರೆದರು. ಬೇಜಾರಾಗಿದ್ದು ನಿಜ. ಆದರೆ ಅದು ಒಂದು ವರ್ಷದ ಮಾತು, ಆಮೇಲೆ ಯಾರಿಗೂ ಅದರಲ್ಲಿ ಮಜಾ ಉಳಿಯಲಿಲ್ಲ. ಮಂಜುನಾಥ, ನಾಗರಾಜ ಅಂತ ಇದ್ದವರನ್ನೂ ಬಿಟ್ಟಿರಲಿಲ್ಲ, ಹುಡುಗರಿಗೆ ರೇಗಿಸೋದಕ್ಕೆ ಯಾವ ಹೆಸರಾದರೂ ಆಗುತ್ತೆ.

ಅದರ ಬದಲಿಗೆ ಸಿಕ್ಕಿದ್ದು ಜಾಸ್ತಿ. ಆಫೀಸಿನಲ್ಲಿ ಹೆಸರು ಹೇಳಿದ ಕೂಡಲೇ ಯಾರಾದರೊಬ್ಬರು "ಬಳ್ಳಾರಿ ಕಡೆಯವರಾ?" ಅಂತ ಕೇಳ್ತಾರೆ. ಅವರು ಗಂಗಾವತಿಯವರೋ ಸಿಂಧನೂರಿನವರೋ ಆಗಿರ್ತಾರೆ, ಅಲ್ಲಿಂದ ಮಾತು ಶುರು. ನಾನು ಊರು ಹೇಳಬೇಕಾಗಿಯೇ ಇಲ್ಲ, ಹೆಸರೇ ಹೇಳಿಬಿಡುತ್ತೆ.

ಇನ್ನೊಂದು ಮಾತು, ಇದನ್ನು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ನಮ್ಮಮ್ಮ ನನ್ನನ್ನು ಇವತ್ತಿನವರೆಗೂ ಪಂಪಾಪತಿ ಅಂತ ಕರೆದಿಲ್ಲ. ಅದು ಅವಳ ಮಾವನ ಹೆಸರಲ್ವಾ, ಸೊಸೆ ಬಾಯಲ್ಲಿ ಬರಬಾರದು. ಅವಳಿಗೆ ನಾನು "ಅಪ್ಪಾಜಿ". ಸ್ಕೂಲಿಗೆ ಸೇರಿಸಲು ಹೋದಾಗ ಮೇಷ್ಟ್ರು ಮಗನ ಹೆಸರು ಕೇಳಿದರೆ ಅಮ್ಮ ಸುಮ್ನೆ ನಿಂತಳು, "ನೀನೇ ಹೇಳಪ್ಪಾ" ಅಂತ ನನ್ನ ಬೆನ್ನು ಮುಟ್ಟಿ ಮುಂದೆ ತಳ್ಳಿದಳು. ನಾನೇ ಹೇಳಿದೆ. ನಿಮ್ಮ ತಾಯಿಗೂ ಅದು ಮಾವನ ಹೆಸರೇ ಇರಬೇಕು. ಮೊಮ್ಮಗನನ್ನು ಏನಂತ ಕರೆಯೋದು ಅನ್ನೋದು ಅವರಿಗೆ ಬಿಡಿ, ಒತ್ತಾಯ ಮಾಡಬೇಡಿ.

ಹೇಮಕೂಟ:

ಈ ಹೆಸರಿನ ಬಗ್ಗೆ ಯಾರಾದರೂ ಕೇಳಿದರೆ ನನಗೆ ಖುಷಿಯಾಗುತ್ತೆ, ಸ್ವಲ್ಪ ಉದ್ದ ಬರೀತೀನಿ.

ಮೊದಲು ಆ ಕೇರಳದ ಮಾತು. ಪಂಪಾ ಅಂದರೆ ನಮ್ಮ ತುಂಗಭದ್ರೆಯ ಹಳೆಯ ಹೆಸರು, ಹಂಪಿ ಅನ್ನೋ ಊರಿನ ಹೆಸರೂ ಅದರಿಂದಲೇ ಬಂದಿದ್ದು. ಆನೆಗೊಂದಿ ಕಡೆ ಪಂಪಾ ಸರೋವರವೂ ಇದೆ. ಸ್ಥಳಪುರಾಣದ ಪ್ರಕಾರ ಬ್ರಹ್ಮನ ಮಗಳು ಪಂಪಾ ಇಲ್ಲೇ ತಪಸ್ಸು ಮಾಡಿ ಶಿವನನ್ನು ಮದುವೆಯಾದಳು. ಹಾಗಾಗಿ ವಿರೂಪಾಕ್ಷ ಅಲ್ಲಿ ಪಂಪಾಪತಿ. ಇದು ಬರೀ ಕಥೆಯಾಗಿ ಉಳಿದಿಲ್ಲ. ಪ್ರತಿವರ್ಷ ಡಿಸೆಂಬರ್ ಹೊತ್ತಿಗೆ ಫಲಪೂಜೆ ಅಂತ ಇಬ್ಬರಿಗೂ ನಿಶ್ಚಿತಾರ್ಥ ಮಾಡ್ತಾರೆ, ಚೈತ್ರದಲ್ಲಿ ಮದುವೆ, ಆಮೇಲೆ ತೇರು. ಅಂದರೆ ಇದು ಮದುಮಗನ ಹೆಸರು, ಮುದುಕರ ಹೆಸರು ಅಂತ ಹೇಗೆ ಹೇಳೋದು?

1336ರಲ್ಲಿ ವಿಜಯನಗರ ಶುರುವಾಗೋ ಮೊದಲೇ ಅದು ಪಂಪಾಕ್ಷೇತ್ರ ಅಂತ ಹೆಸರಾಗಿತ್ತು. ಆಮೇಲೆ ರಾಜರು ತಮ್ಮ ಶಾಸನಗಳ ಕೊನೆಗೆ ಸಹಿಯ ಜಾಗದಲ್ಲಿ ಕನ್ನಡ ಅಕ್ಷರದಲ್ಲೇ "ಶ್ರೀ ವಿರೂಪಾಕ್ಷ" ಅಂತ ಬರೆಸಿದರು. ನನಗೆ ಅನಿಸೋದು, ವಿರೂಪಾಕ್ಷ ಅನ್ನೋದು ಅರಮನೆಯ ಜೊತೆ ನಾಡೆಲ್ಲ ತಿರುಗಿತು, ಪಂಪಾಪತಿ ಹೊಳೆ ದಂಡೆಯ ಜನರ ಹತ್ತಿರವೇ ಉಳಿಯಿತು. ಹೊಸಪೇಟೆ, ಕಂಪ್ಲಿ, ಗಂಗಾವತಿ, ಸಿರುಗುಪ್ಪ, ಸಿಂಧನೂರು, ಮಾನ್ವಿ. ಹಂಪಮ್ಮ, ಹಂಪಣ್ಣ, ಪಂಪನಗೌಡ, ಪಂಪಾವತಿ, ಇವೆಲ್ಲ ಅದೇ ಮನೆತನದ ಹೆಸರುಗಳು. ಹೊರಗೆ ಇಲ್ಲವೇ ಇಲ್ಲ ಅಂತಲ್ಲ. ದಾವಣಗೆರೆಯ ಹಿರಿಯರನ್ನು ಕೇಳಿ ನೋಡಿ, ಪಂಪಾಪತಿ ಅಂದರೆ ಅವರಿಗೆ ಮೊದಲು ನೆನಪಾಗೋದು ಅಲ್ಲಿ ಶಾಸಕರಾಗಿದ್ದ ಕಮ್ಯುನಿಸ್ಟ್ ನಾಯಕರು.

ಕಮ್ಮಿಯಾಗಿದ್ದಕ್ಕೆ ಕಾರಣವೂ ಕಣ್ಣ ಮುಂದೇ ಇದೆ. ಮೊದಲು ಹೆಸರು ಮನೆದೇವರಿಂದ ಇಲ್ಲಾ ಹಿರಿಯರಿಂದ ಬರುತ್ತಿತ್ತು. ಈಗ ಎರಡು ಅಕ್ಷರ ಇರಬೇಕು, ಜಾತಕದ ಅಕ್ಷರಕ್ಕೆ ಕೂಡಬೇಕು, ಯಾವ ಊರಿನದು ಅಂತ ಗೊತ್ತಾಗಬಾರದು. ಅಜ್ಜನ ಹೆಸರನ್ನು ನಾಮಕರಣದ ದಿನ ಕಿವಿಯಲ್ಲಿ ಹೇಳಿ ಅಲ್ಲಿಗೇ ಬಿಟ್ಟುಬಿಡ್ತಾರೆ, ದಾಖಲೆಗೆ ಬೇರೆ ಹೆಸರು ಹೋಗುತ್ತೆ. ನಿಮ್ಮ ಊರಲ್ಲೂ ಹಾಗೇ ಆಗಿರುತ್ತೆ.

ಎರಡು ಮಕ್ಕಳ ತಾಯಿ:

ಇತಿಹಾಸ ಎಲ್ಲ ಸರಿ, ಹೇಮಕೂಟ ಅವರೇ. ಆದರೆ ಹೆಸರು ಹೊತ್ತು ತಿರುಗೋದು ಮಗು. ಮುಂದೆ ಕೆಲಸಕ್ಕೆ ಅಂತ ಬೇರೆ ರಾಜ್ಯಕ್ಕೋ ದೇಶಕ್ಕೋ ಹೋದರೆ ಪ್ರತಿಸಲ ಬಿಡಿಸಿ ಬಿಡಿಸಿ ಹೇಳ್ತಾ ಇರಬೇಕು. ನಮ್ಮ ದೊಡ್ಡವನಿಗೆ ಐದಕ್ಷರದ ಹೆಸರಿಟ್ಟೆವು, ಈಗ ಅದನ್ನು ಪೂರ್ತಿ ಕರೆಯೋರು ಸ್ಕೂಲಿನ ಹಾಜರಿಯಲ್ಲಿ ಮಾತ್ರ. ಸುಮ್ನೆ "ಪಂಪ" ಅಂತ ಇಟ್ಟರೆ ಆಗಲ್ವಾ? ಆದಿಕವಿಯ ಹೆಸರು, ಚಿಕ್ಕದು, ಕೇಳೋಕೂ ಚೆಂದ. ಇಲ್ಲಾ ವಿರೂಪಾಕ್ಷ ಇಡಿ, ದೇವರು ಅದೇ ಅಲ್ವಾ.

ಹೇಮಕೂಟ:

ಪಂಪ ದೊಡ್ಡ ಹೆಸರೇ ಅಕ್ಕಾ, ಎರಡು ಮಾತಿಲ್ಲ. 941ರ ಹೊತ್ತಿಗೆ ಎರಡು ಮಹಾಕಾವ್ಯ ಬರೆದವನು, ಅರಿಕೇಸರಿಯ ಆಸ್ಥಾನದಲ್ಲಿದ್ದ ಜೈನ ಕವಿ. ಆ ಹೆಸರು ಇಡೋರು ಕವಿಗಾಗಿ ಇಡಲಿ. ಇವರಿಗೆ ಬೇಕಿರೋದು ಅಜ್ಜನ ಹೆಸರು, ಅದನ್ನು ಅರ್ಧ ಮಾಡಿದರೆ ಅಜ್ಜನೂ ಬರಲ್ಲ, ಕವಿಯೂ ಬರಲ್ಲ. ಇನ್ನು ಬಿಡಿಸಿ ಹೇಳೋ ಕಷ್ಟ ಅಂದರೆ, ಪಂಪಾಪತಿಯಲ್ಲಿ ಒಂದೂ ಒತ್ತಕ್ಷರ ಇಲ್ಲ. ಹೇಗೆ ಬರೀತೀವೋ ಹಾಗೇ ಓದಬಹುದು. ಕನ್ನಡ ಬರದವರಿಗೂ ವಿರೂಪಾಕ್ಷಕ್ಕಿಂತ ಇದು ಸಲೀಸು.

ದಾಖಲೆ ನೋಡುವವನು:

ನಾನು ಅರ್ಜಿ, ಪ್ರಮಾಣಪತ್ರ ಇವುಗಳ ನಡುವೆಯೇ ಕೆಲಸ ಮಾಡೋನು, ಅದರ ಬಗ್ಗೆ ಮಾತ್ರ ಹೇಳ್ತೀನಿ. ಹೆಸರಿಗಾಗಿ ಜಗಳ ಆಡಿಕೊಂಡು ಅವಸರ ಮಾಡಬೇಡಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಮಗುವಿನ ಹೆಸರಿಲ್ಲದೆಯೂ ಅದು ಆಗುತ್ತೆ. ನೋಂದಣಿಯಾದ ಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಅದು ಕಳೆದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶ ಇದೆ. ಅಷ್ಟೆಲ್ಲ ಕಾಯಬೇಡಿ, ಸ್ಕೂಲು, ಆಧಾರ್ ಎಲ್ಲಕ್ಕೂ ಬೇಕಾಗುತ್ತೆ.

ಇಂಗ್ಲಿಷ್ ಸ್ಪೆಲಿಂಗ್ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಕೊನೆಯ "ತಿ"ಗೆ ಎಚ್ ಬೇಕೋ ಬೇಡವೋ, ನಡುವಿನ "ಪಾ"ಗೆ ಒಂದು ಎ ಸಾಕೋ ಎರಡು ಬೇಕೋ. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆಸಿ ಆಮೇಲೆ ಪಾಸ್‌ಪೋರ್ಟ್ ಹೊತ್ತಿಗೆ ಅಫಿಡವಿಟ್ ಮಾಡಿಸಲು ಓಡಾಡೋರನ್ನು ದಿನಾ ನೋಡ್ತೀನಿ. ಇದು ಪಂಪಾಪತಿಗಷ್ಟೇ ಅಲ್ಲ, "ತಿ" ಇರೋ ನಮ್ಮ ಎಲ್ಲ ಹೆಸರುಗಳ ಪಾಡು.

ಹೊಸಪೇಟೆ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫಲಪೂಜೆ, ಮದುಮಗನ ಮಾತನ್ನು ಹೆಂಡತಿಗೆ ಓದಿ ಹೇಳಿದೆ, ಅವಳು ಅವರಮ್ಮನಿಗೆ ಫೋನಿನಲ್ಲಿ ಹೇಳಿದಳು, ಅಲ್ಲಿಂದ ವಿರೋಧ ಅರ್ಧಕ್ಕೆ ಇಳಿದಿದೆ. ನಮ್ಮಮ್ಮ ಈಗಲೇ ಮಗುವನ್ನು "ಅಪ್ಪಯ್ಯ" ಅಂತ ಕರೀತಿದ್ದಾರೆ. ಸಿರುಗುಪ್ಪದವರೇ, ನಿಮ್ಮ ದಾಖಲೆಯಲ್ಲಿ ಎಚ್ ಇದೆಯಾ?

ಸಿರುಗುಪ್ಪದವನು:

ಇದೆ. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಹೇಗಿತ್ತೋ ಎಲ್ಲ ಕಡೆ ಹಾಗೇ ಇಟ್ಟುಕೊಂಡೆ, ಏನೂ ತೊಂದರೆ ಆಗಿಲ್ಲ. ಉತ್ತರ ಭಾರತದವರು ಎಚ್ ನೋಡಿ ಕೊನೆಗೆ "ಥಿ" ಅಂತಾರೆ, ಅದೊಂದು ಬಿಟ್ಟರೆ ಸರಿ. ನಾಮಕರಣ ಮುಗಿದ ಮೇಲೆ ಇಲ್ಲಿ ತಿಳಿಸಿ.