ತಾಟೆ (ಶಾರ್ಕ್) ಮೀನಿಗೆ ಯೂರಿಯಾ ವಾಸನೆ ಯಾಕೆ? ಬಾಣಂತಿಗೆ ಕೊಡಬಹುದಾ?

ನಾಲೆಗಾಳ, ಪಾಂಡವಪುರ:
ನಮಸ್ಕಾರ. ನಾನು ವಿಶ್ವೇಶ್ವರಯ್ಯ ನಾಲೆಯಲ್ಲಿ ಜಿಲೇಬಿ, ಕೊರವ ಹಿಡಿದು ಬೆಳೆದವನು. ಸಮುದ್ರದ ಗಂಧಗಾಳಿ ಗೊತ್ತಿಲ್ಲ. ಮೊನ್ನೆ ಮಲ್ಪೆಯ ಗೆಳೆಯ ನಾಡದೋಣಿಯಲ್ಲಿ ಕರೆದುಕೊಂಡು ಹೋಗಿದ್ದ. ದಡ ಇನ್ನೂ ಕಾಣುತ್ತಿತ್ತು, ಅಷ್ಟು ಹತ್ತಿರ. ಬೂತಾಯಿ ತುಂಡು ಸಿಕ್ಕಿಸಿ ಗಾಳ ಬಿಟ್ಟೆ. ಒಂದೇ ಎಳೆತ, ನೈಲಾನ್ ದಾರ ಬ್ಲೇಡಿನಲ್ಲಿ ಕೊಯ್ದ ಹಾಗೆ ತುಂಡಾಯಿತು. ಗೆಳೆಯ ನಕ್ಕು, ಗಾಳದ ಮೇಲೆ ಒಂದು ಗೇಣು ಸ್ಟೀಲ್ ತಂತಿ ಕಟ್ಟಿಕೊಟ್ಟ. ಆಮೇಲೆ ಬಂತು, ಎರಡೂವರೆ ಅಡಿ ತಾಟೆ. ಕೊರವ ಹಿಡಿಯುವ ಹಾಗೆ ಬಾಲ ಹಿಡಿದೆ. ಅದು ಬಿಲ್ಲಿನ ಹಾಗೆ ಬಾಗಿ ಕೈಗೇ ಬಾಯಿ ಹಾಕಿತು! ಟವಲ್ ಸುತ್ತಿಕೊಂಡಿದ್ದರಿಂದ ಬೆರಳು ಉಳಿಯಿತು.

ಇಡೀ ಮೀನನ್ನು ಹಾಗೇ ಐಸ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿಗೆ ತಂದೆ. ನಿನ್ನೆ ಡಬ್ಬಿ ತೆಗೆದರೆ ನೆನೆದ ಯೂರಿಯಾ ಮೂಟೆ ಬಿಚ್ಚಿದ ಹಾಗೆ ಘಾಟು. "ಕಬ್ಬಿಗೆ ಹಾಕೋದನ್ನ ಅಡುಗೆಮನೆಗೆ ತಂದಿದೀರಲ್ಲ" ಅಂದಳು ಹೆಂಡತಿ. ಹೊಟ್ಟೆ ಸೀಳಿದರೆ ನಾಲ್ಕು ಮರಿ, ಹೊಕ್ಕುಳಬಳ್ಳಿ ಸಮೇತ. ಯಾಕೋ ಕೈ ಆಡಲಿಲ್ಲ. ಮಗಳು ಬಾಣಂತಿ. ಇದನ್ನು ತಿಂದರೆ ಹಾಲು ಜಾಸ್ತಿ ಆಗುತ್ತೆ ಅಂತ ಗೆಳೆಯನ ಮಾತು. ತುಂಡುಗಳು ಫ್ರಿಜ್‌ನಲ್ಲಿವೆ. ಏನು ಮಾಡಲಿ?

ಕುಂದಾಪುರದವ, ಈಗ ಮೈಸೂರು:
ನಿಮ್ಮ ಮನೆಯವರು ಹೇಳಿದ್ದು ಅಕ್ಷರಶಃ ಸರಿ ಸಾರ್, ಅದು ಯೂರಿಯಾನೇ. ಸಮುದ್ರದ ಉಪ್ಪುನೀರು ಮೈಯಿಂದ ನೀರು ಹೀರದಿರಲಿ ಅಂತ ತಾಟೆ, ತೊರಕೆಗಳು ರಕ್ತದಲ್ಲಿ, ಮಾಂಸದಲ್ಲಿ ಯೂರಿಯಾ ಇಟ್ಟುಕೊಂಡಿರುತ್ತವೆ. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತವೆ. ನೀವು ತಪ್ಪಿದ್ದು ದೋಣಿಯಲ್ಲೇ. ಹಿಡಿದ ಕೂಡಲೇ ಕಿವಿರಿನ ಹತ್ತಿರ ಕೊಯ್ದು ರಕ್ತ ಹರಿಸಬೇಕು, ಕರುಳು ತೆಗೆಯಬೇಕು, ಆಮೇಲೆ ಐಸು. ಇಡೀ ಮೀನು ರಾತ್ರಿಯಿಡೀ ಘಾಟಿ ಹತ್ತಿ ಬಂದರೆ ಇನ್ನೇನಾಗುತ್ತೆ?

ಬಾಯಿಯ ಮೂಲೆಯಲ್ಲಿ ಉದ್ದ ಗೆರೆ ಇತ್ತಾ? ಇದ್ದರೆ ಅದು ಮಿಲ್ಕ್ ಶಾರ್ಕ್. ಮೂತಿ ಸನಿಕೆಯ ಹಾಗೆ ಚಪ್ಪಟೆ ಇದ್ದರೆ ಸ್ಪೇಡ್‌ನೋಸ್, ಆದರೆ ಅದು ಅಷ್ಟು ಉದ್ದ ಬರುವುದು ಕಡಿಮೆ. ಎರಡೂ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತವೆ. ನಿಮ್ಮ ಕಾಟ್ಲಾ ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ. ಇದಕ್ಕೆ ಬೆರಳೆಣಿಕೆಯ ಮರಿ ಅಷ್ಟೇ. ನಾನಂತೂ ಹೊಟ್ಟೆ ಉಬ್ಬಿದ್ದು ಸಿಕ್ಕರೆ ಗಾಳ ಬಿಡಿಸಿ ನೀರಿಗೇ ಬಿಡುತ್ತೇನೆ. ಹಾಗಂತ ಹಿಡಿಯುವುದು ಅಪರಾಧವಲ್ಲ. ತಿಮಿಂಗಿಲ ಶಾರ್ಕ್, ಗರಗಸ ಮೀನಿನಂಥ ಕೆಲವು 2001ರಿಂದ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಿತ, ಅವನ್ನು ಮುಟ್ಟುವ ಹಾಗಿಲ್ಲ. 2015ರಿಂದ ರೆಕ್ಕೆ ರಫ್ತೂ ಬಂದ್.

ಹುಣಸೆರಸ, ಮಂಡ್ಯ:
ನನ್ನ ತವರು ಉಡುಪಿ ಕಡೆ. ಬಾಣಂತಿಗೆ ತಾಟೆ ಸಾರು ನಮ್ಮಲ್ಲೂ ಕೊಡುತ್ತಿದ್ದರು, ನನಗೂ ಕೊಟ್ಟಿದ್ದರು. ಆದರೆ ಅಣ್ಣಾ, ಶಾರ್ಕ್ ಬೇರೆ ಮೀನು ತಿಂದು ಬದುಕುವುದಲ್ವಾ, ಪಾದರಸ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತೆ. ಬಸುರಿ, ಮೊಲೆಯೂಡಿಸುವವರು, ಚಿಕ್ಕ ಮಕ್ಕಳು ತಿನ್ನಬಾರದು ಅಂತ ಅಮೆರಿಕದ ಆಹಾರ ಇಲಾಖೆಯೇ ಹೇಳುತ್ತೆ. ಮಗಳಿಗೆ ಬೇಡವೇ ಬೇಡ. ಸಬ್ಬಸಿಗೆ ಸೊಪ್ಪಿನ ಸಾರು ಮಾಡಿ ಕೊಡಿ.

ಮುಂದಿನ ಸಲಕ್ಕೆ: ಕುದಿನೀರು ಸುರಿದು, ಮರಳುಕಾಗದದಂಥ ಚರ್ಮ ಕೆರೆದು ತೆಗೆಯಿರಿ. ತುಂಡುಗಳನ್ನು ಹುಣಸೆನೀರಲ್ಲೋ ಮಜ್ಜಿಗೆಯಲ್ಲೋ ಅರ್ಧ ಗಂಟೆ ನೆನೆಸಿ. ಸಣ್ಣ ವಾಸನೆ ಇದ್ದರೆ ಹೋಗುತ್ತೆ. ಕಣ್ಣಲ್ಲಿ ನೀರು ಬರುವಷ್ಟು ಘಾಟಿದ್ದರೆ ಮಸಾಲೆಗೆ ದುಡ್ಡು ದಂಡ ಮಾಡಬೇಡಿ.

ನಾಲೆಗಾಳ:
ಗೆರೆ ಇತ್ತು ಸಾರ್, ಮಿಲ್ಕ್ ಶಾರ್ಕೇ. ಅಕ್ಕಾ, ಮಜ್ಜಿಗೆಯಲ್ಲಿ ಎರಡು ಸಲ ನೆನೆಸಿ ನೋಡಿದೆ. ಮಜ್ಜಿಗೆ ಕೆಟ್ಟಿತು, ಮೀನು ಹಾಗೇ ಇತ್ತು. ಬೆಳಿಗ್ಗೆ ಹಿತ್ತಲ ತೆಂಗಿನ ಬುಡಕ್ಕೆ ಹೂತುಬಿಟ್ಟೆ. ಹೇಗೂ ಯೂರಿಯಾ ತಾನೇ.